ಬೀದಿಗಿಳಿಯುವ ಜನ

2023ರ ಮೇ 1ರಂದು ನಾನು ಪ್ಯಾರಿಸಿನಲ್ಲಿದ್ದೆ. ಊರು ನೋಡಲೆಂದು ದೂರದಿಂದ ಹೋದವನಿಗೆ ಅದು ಅಷ್ಟೇನೂ ಅನುಕೂಲವಾದ ದಿನವಲ್ಲ. ಲೂವ್ರ್ ವಸ್ತುಸಂಗ್ರಹಾಲಯದ ಬಾಗಿಲು ಅಂದು ತೆರೆಯುವುದಿಲ್ಲ. ಅಂಗಡಿಗಳೂ ಬಹುಮಟ್ಟಿಗೆ ಮುಚ್ಚಿರುತ್ತವೆ. ಏನು ಮಾಡುವುದೆಂದು ತೋಚದೆ ನಿಂತಿದ್ದ ನನಗೆ, ನಾನಿಳಿದುಕೊಂಡಿದ್ದ ಹೋಟೆಲಿನ ವೃದ್ಧರೊಬ್ಬರು ನಕಾಶೆಯ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು ಕೊಟ್ಟರು. ಗೆರೆಯ ಒಂದು ತುದಿ ರಿಪಬ್ಲಿಕ್ ಚೌಕ, ಇನ್ನೊಂದು ತುದಿ ನಾಸಿಯೋಂ ಚೌಕ. "ಮಧ್ಯಾಹ್ನ ಅಲ್ಲಿಗೆ ಹೋಗಿ. ನಮ್ಮ ದೇಶವನ್ನು ನೋಡಬೇಕಾದರೆ ಅದನ್ನು ನೋಡಬೇಕು. ಬೀದಿಗಿಳಿಯುವುದು ನಮಗೆ ರಕ್ತಗತವಾಗಿ ಬಂದದ್ದು" ಎಂದರು. ಅವರ ದನಿಯಲ್ಲಿ ಅರ್ಧ ಹೆಮ್ಮೆಯೂ ಅರ್ಧ ಬೇಸರವೂ ಇದ್ದವು.

ಬೀದಿಗಿಳಿಯುವುದು ಎಂಬ ಮಾತು ನಮ್ಮಲ್ಲಿಯೂ ಉಂಟು, ಫ್ರೆಂಚರಲ್ಲಿಯೂ ಉಂಟು. ಎರಡು ಕಡೆಯೂ ಅದರ ಅರ್ಥ ಒಂದೇ. ಆದರೆ ಕನ್ನಡದಲ್ಲಿ ಬೀದಿಗೆ ಬೀಳುವುದು ಬೇರೆ, ಬೀದಿಗೆ ಇಳಿಯುವುದು ಬೇರೆ. ಬಿದ್ದವನು ಎಲ್ಲವನ್ನೂ ಕಳೆದುಕೊಂಡವನು. ಇಳಿದವನು ಏನನ್ನೋ ಕೇಳಲು ಬಂದವನು.

ನಾನು ಹೋದಾಗ ರಿಪಬ್ಲಿಕ್ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಣರಾಜ್ಯದ ಪ್ರತೀಕವಾದ ಮರಿಯಾನ್ ಎಂಬ ಹೆಂಗಸಿನ ಎತ್ತರದ ಕಂಚಿನ ಪ್ರತಿಮೆ ನಡುವೆ ನಿಂತಿದೆ. ಅದರ ಪೀಠದ ಮೇಲೆ ಹುಡುಗರು ಹತ್ತಿ ಕುಳಿತಿದ್ದರು. ಸುತ್ತಲೂ ಕಾರ್ಮಿಕ ಸಂಘಗಳ ಹೆಸರು ಹೊತ್ತ, ಮನೆಯಷ್ಟು ದೊಡ್ಡ ಬಲೂನುಗಳು. ಅಡುಗೆಯ ಪಾತ್ರೆಗಳನ್ನು ಸೌಟಿನಿಂದ ಬಡಿಯುವ ಗೃಹಿಣಿಯರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ತಂದೆಯರು, ಊರುಗೋಲಿನ ಮುದುಕರು. ಮ್ಯೂಗೆ ಎಂಬ, ಪುಟ್ಟ ಗಂಟೆಗಳಂತೆ ತೂಗುವ ಬಿಳಿಯ ಹೂವಿನ ಕಡ್ಡಿಗಳನ್ನು ಮೂಲೆಮೂಲೆಯಲ್ಲಿ ಮಾರುತ್ತಿದ್ದರು. ಕಬ್ಬಿಣದ ಒಲೆಗಳ ಮೇಲೆ ಮೆರ್ಗೆಜ್ ಎಂಬ ಖಾರದ ಸಾಸೇಜು ಸುಡುತ್ತಿತ್ತು. ಅದರ ಹೊಗೆ ಬಾವುಟಗಳ ನಡುವೆ ಏಳುತ್ತಿತ್ತು. ಕನ್ನಡದಲ್ಲಿ ಮದುವೆಯ ದಿಬ್ಬಣಕ್ಕೂ ದೇವರ ಉತ್ಸವಕ್ಕೂ ಪ್ರತಿಭಟನೆಗೂ ಮೆರವಣಿಗೆ ಎಂಬ ಒಂದೇ ಪದವನ್ನು ಬಳಸುವುದು ಏಕೆಂದು ನನಗೆ ಅಲ್ಲಿ ಚೆನ್ನಾಗಿ ಅರ್ಥವಾಯಿತು.

ಆದರೆ ಅವರು ಬಂದಿದ್ದುದು ಉತ್ಸವಕ್ಕಲ್ಲ. ನಿವೃತ್ತಿಯ ವಯಸ್ಸನ್ನು 62ರಿಂದ 64ಕ್ಕೆ ಏರಿಸುವ ಕಾನೂನನ್ನು ಸರ್ಕಾರ ಮಾರ್ಚ್ ತಿಂಗಳಿನಲ್ಲಿ, ಸಂವಿಧಾನದ ಒಂದು ವಿಶೇಷ ವಿಧಿಯ ಬಲದಿಂದ, ಶಾಸನಸಭೆಯ ಕೊನೆಯ ಮತದಾನವಿಲ್ಲದೆಯೇ ಅಂಗೀಕರಿಸಿಕೊಂಡಿತ್ತು. ಅದನ್ನು ವಿರೋಧಿಸಿ ಜನವರಿಯಿಂದಲೂ ಮೆರವಣಿಗೆಗಳು ನಡೆಯುತ್ತಿದ್ದುವು. ಮೆರವಣಿಗೆ ವೋಲ್ತೇರ್ ಮಾರ್ಗದಲ್ಲಿ ಸಾಗಿತು. ದಾರಿಯ ಕೊನೆಗೆ ಮುಖ ಮುಚ್ಚಿಕೊಂಡ ಕೆಲವರು ಕಲ್ಲು ತೂರಿದರು. ಪೊಲೀಸರ ಅಶ್ರುವಾಯುವಿನಿಂದ ಎಲ್ಲರ ಕಣ್ಣುಗಳೂ ಉರಿದುವು. ಸಂಜೆ ಎರಡು ಲೆಕ್ಕಗಳು ಹೊರಬಿದ್ದುವು. ಪ್ಯಾರಿಸಿನಲ್ಲಿ ನಡೆದವರು 1,12,000 ಎಂದು ಸರ್ಕಾರ ಹೇಳಿತು. 5,50,000 ಎಂದು ಸೆ.ಜೆ.ತೆ. ಎಂಬ ಕಾರ್ಮಿಕ ಒಕ್ಕೂಟ ಹೇಳಿತು. ಪ್ರತಿ ಬಾರಿಯೂ ಹೀಗೆಯೇ ಎರಡು ಲೆಕ್ಕ ಬರುತ್ತದೆಯಂತೆ. ಪತ್ರಿಕೆಗಳು ಎರಡನ್ನೂ ಅಕ್ಕಪಕ್ಕದಲ್ಲಿ ಅಚ್ಚು ಹಾಕಿ ಸುಮ್ಮನಾಗುತ್ತವೆ. ಎಣಿಕೆಯ ಈ ಜಗಳ ನನಗೆ ಅಂದು ವಿನೋದವಾಗಿ ಕಂಡಿತು. ಅದು ಯಾವಾಗಲೂ ವಿನೋದವಲ್ಲವೆಂದು ಆಮೇಲೆ ತಿಳಿಯಿತು.

ಪ್ರವಾಸಿಯ ಕಣ್ಣಿಗೆ ಒಂದು ದೌರ್ಬಲ್ಯವುಂಟು. ಒಂದು ದಿನ ಕಂಡುದನ್ನು ಅದು ಒಂದು ಜನಾಂಗದ ಸ್ವಭಾವವೆಂದು ಬರೆದುಕೊಂಡುಬಿಡುತ್ತದೆ. ಇಂಗ್ಲಿಷರು ಸಾಲಿನಲ್ಲಿ ನಿಲ್ಲುತ್ತಾರೆ, ಫ್ರೆಂಚರು ಮೆರವಣಿಗೆ ಹೋಗುತ್ತಾರೆ ಎಂದು ಹೇಳಿದರೆ ಮಾತು ಮುಗಿಯಿತು. ಹೋಟೆಲಿನ ವೃದ್ಧರು ಹೇಳಿದ 'ರಕ್ತಗತ' ಎಂಬುದು ಅಂಥದೇ ಮಾತು. ಊರಿಗೆ ಹಿಂದಿರುಗಿದ ಮೇಲೆ ಆ ದೇಶದ ಇತಿಹಾಸವನ್ನು ಮತ್ತೆ ಕೈಗೆತ್ತಿಕೊಂಡೆ. ರಕ್ತವೇನೋ ಅದರಲ್ಲಿ ಧಾರಾಳವಾಗಿ ಇತ್ತು. ಆದರೆ ವೃದ್ಧರು ಹೇಳಿದ ಅರ್ಥದಲ್ಲಲ್ಲ.

ಒಂದು ಪದದಿಂದ ತೊಡಗಬಹುದು. ಮುಷ್ಕರಕ್ಕೆ ಫ್ರೆಂಚ್ ಭಾಷೆಯಲ್ಲಿ ಗ್ರೇವ್ ಎನ್ನುತ್ತಾರೆ. ಅದು ಮೂಲದಲ್ಲಿ ಒಂದು ಸ್ಥಳದ ಹೆಸರು. ಸೇನ್ ನದಿಯ ದಂಡೆಯಲ್ಲಿ, ಪ್ಯಾರಿಸಿನ ಪುರಭವನದ ಮುಂದೆ, ಮರಳು ಜಲ್ಲಿಗಳ ಇಳಿಜಾರೊಂದಿತ್ತು. ಅದೇ ಗ್ರೇವ್ ಚೌಕ. ದೋಣಿಗಳು ಅಲ್ಲಿ ಸೌದೆ, ಹುಲ್ಲು, ಧಾನ್ಯ, ದ್ರಾಕ್ಷಾರಸಗಳನ್ನು ಇಳಿಸುತ್ತಿದ್ದುವು. ಕೂಲಿ ಬೇಕಾದವರು ಬೆಳಗಾಗುತ್ತಲೆ ಬಂದು ಅಲ್ಲಿ ನಿಂತು, ಕರೆಯುವವರಿಗಾಗಿ ಕಾಯುತ್ತಿದ್ದರು. ಗ್ರೇವಿನಲ್ಲಿ ನಿಲ್ಲುವುದೆಂದರೆ ಮೊದಲು ಕೆಲಸಕ್ಕಾಗಿ ಕಾಯುವುದು ಎಂದೇ ಅರ್ಥ. ಕೊಟ್ಟ ಕೂಲಿಗೆ ಒಪ್ಪದೆ ಕೆಲಸ ಬಿಟ್ಟು ನಿಲ್ಲುವುದು ಎಂಬ ಅರ್ಥ ಹತ್ತೊಂಬತ್ತನೆಯ ಶತಮಾನದಲ್ಲಿ ನೆಲೆಯಾಯಿತು. ನಮ್ಮ ಮುಷ್ಕರ ಎಂಬ ಪದದ ಹಳೆಯ ಅರ್ಥ ಮೊಂಡುತನ, ಹಠ. ಒಂದು ಭಾಷೆ ಮುಷ್ಕರವನ್ನು ಕೂಲಿಕಾರ ನಿಂತ ನೆಲದಿಂದ ಹೆಸರಿಸಿತು. ಇನ್ನೊಂದು ಅವನ ಗುಣದಿಂದ, ಅದೂ ಧಣಿಯ ಕಣ್ಣಿಗೆ ಕಂಡ ಗುಣದಿಂದ, ಹೆಸರಿಸಿತು! ಅದೇ ಗ್ರೇವ್ ಚೌಕ ಅರಸರ ಕಾಲದ ವಧಾಸ್ಥಾನವೂ ಆಗಿತ್ತು. ಗಿಲೊಟಿನ್ ಯಂತ್ರದಿಂದ ಮೊದಲ ಮರಣದಂಡನೆ ನಡೆದದ್ದು 1792ರ ಏಪ್ರಿಲಿನಲ್ಲಿ, ಅಲ್ಲಿಯೇ.

ಇನ್ನು ಮೆರವಣಿಗೆಗಳಲ್ಲಿ ನಾವು ಕಾಣುವ ಕೆಂಪು ಬಾವುಟ. ಅದು ಶ್ರಮಿಕರ ಬಾವುಟವೆಂದು ಜಗತ್ತೆಲ್ಲ ಬಲ್ಲುದು. ಆದರೆ ಫ್ರಾನ್ಸಿನ ಕ್ರಾಂತಿಯ ಆರಂಭದಲ್ಲಿ ಅದು ಜನರ ಬಾವುಟವಾಗಿರಲಿಲ್ಲ. ಜನರ ಮೇಲೆ ಗುಂಡು ಹಾರಿಸುವ ಸರ್ಕಾರದ ಬಾವುಟವಾಗಿತ್ತು. 1789ರ ಅಕ್ಟೋಬರ್ ಮೊದಲ ವಾರದಲ್ಲಿ ರೊಟ್ಟಿಯ ಅಭಾವದಿಂದ ಕೆರಳಿದ ಪೇಟೆಯ ಹೆಂಗಸರು ವರ್ಸೇಲ್ಸಿನವರೆಗೆ ನಡೆದು ಹೋಗಿ ಅರಸನನ್ನು ಪ್ಯಾರಿಸಿಗೆ ಕರೆತಂದಿದ್ದರು. ಅದೇ ತಿಂಗಳ 21ರಂದು ಶಾಸನಸಭೆ ಸೈನಿಕ ಕಾನೂನೊಂದನ್ನು ಮಾಡಿತು. ಅದರ ಪ್ರಕಾರ ಪುರಭವನದ ಕಿಟಕಿಯಲ್ಲಿ ಕೆಂಪು ಬಾವುಟ ತೂಗಿಬಿಟ್ಟರೆ ಗುಂಪು ಸೇರುವುದು ಅಪರಾಧ. ಮೂರು ಬಾರಿ ಎಚ್ಚರಿಕೆ ಕೊಟ್ಟ ಮೇಲೂ ಚದರದಿದ್ದರೆ ಸೈನಿಕರು ಗುಂಡು ಹಾರಿಸಬಹುದು. 1791ರ ಜುಲೈ 17ರಂದು, ಅರಸನು ತಲೆಮರೆಸಿಕೊಂಡು ಓಡಲು ಹೋಗಿ ಸಿಕ್ಕಿಬಿದ್ದ ತಿಂಗಳೊಳಗೆ, ಷಾಂ ದ ಮಾರ್ಸ್ ಬಯಲಿನಲ್ಲಿ ಸಾವಿರಾರು ಜನ ಒಂದು ಮನವಿಗೆ ರುಜು ಹಾಕುತ್ತಿದ್ದರು. ಇಂದು ಐಫೆಲ್ ಗೋಪುರದ ಬುಡದಲ್ಲಿ ಪ್ರವಾಸಿಗಳು ಹುಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚುವ ಬಯಲು ಅದೇ. ನಗರದ ಮೇಯರ್ ಬೈಯಿ ಕೆಂಪು ಬಾವುಟದೊಡನೆ ಬಂದರು. ಲಫಾಯೆತ್ ಅವರ ಕೈಕೆಳಗಿನ ಪಡೆ ಗುಂಡು ಹಾರಿಸಿತು. ಸತ್ತವರು ಐವತ್ತರ ಸುಮಾರು ಎಂಬುದು ಹಲವರ ಅಂದಾಜು. ಬೈಯಿ ಮೂಲತಃ ಖಗೋಳ ವಿಜ್ಞಾನಿ, ದುಷ್ಟ ಮನುಷ್ಯರೇನಲ್ಲ. ಎರಡು ವರ್ಷಗಳ ಅನಂತರ, 1793ರ ನವೆಂಬರಿನಲ್ಲಿ, ಅದೇ ಬಯಲಿನ ಅಂಚಿಗೆ ಗಿಲೊಟಿನನ್ನು ಸಾಗಿಸಿ ಅವರ ತಲೆಯನ್ನು ತೆಗೆದರು.

ಹೊಡೆಯುವವನ ಬಾವುಟವನ್ನು ಪೆಟ್ಟು ತಿಂದವರು ಕಸಿದುಕೊಂಡರು. 1832ರ ದಂಗೆಯಲ್ಲಿ ಅದು ಜನರ ಕೈಯಲ್ಲಿ ಕಾಣಿಸಿಕೊಂಡಿತು. 1848ರಲ್ಲಿ ಅದನ್ನೇ ರಾಷ್ಟ್ರಧ್ವಜ ಮಾಡಬೇಕೆಂದು ಪುರಭವನದ ಮುಂದೆ ಗುಂಪು ಹಟಹಿಡಿದಾಗ, ಕವಿ ಲಾಮಾರ್ತೀನ್ ತಮ್ಮ ವಾಗ್ಮಿತೆಯನ್ನೆಲ್ಲ ಖರ್ಚುಮಾಡಿ ತಡೆಯಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸಿನಲ್ಲಿ ಬೀದಿಗಿಳಿಯುವುದೆಂದರೆ ಸಾಮಾನ್ಯವಾಗಿ ರಸ್ತೆಯ ಕಲ್ಲುಗಳನ್ನು ಕಿತ್ತು ಅಡ್ಡಗೋಡೆ ಕಟ್ಟುವುದು, ಆಮೇಲೆ ಸಾಯುವುದು. 1830, 1848, 1871 — ಈ ಇಸವಿಗಳನ್ನು ಫ್ರೆಂಚ್ ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡುತ್ತಾರೆ.

1830ರ ಕ್ರಾಂತಿಯ ವಿಷಯದಲ್ಲಿ ನಮ್ಮವರೇ ಒಬ್ಬರನ್ನು ನೆನೆಯಬೇಕು. ಆ ವರ್ಷದ ಕೊನೆಗೆ ಇಂಗ್ಲೆಂಡಿಗೆ ಹಡಗು ಹತ್ತಿದ ರಾಜಾ ರಾಮಮೋಹನ ರಾಯರು, ಗುಡ್‌ಹೋಪ್ ಭೂಶಿರದ ಬಂದರಿನಲ್ಲಿ ಕ್ರಾಂತಿಯ ತ್ರಿವರ್ಣ ಧ್ವಜ ಹಾರಿಸಿ ನಿಂತಿದ್ದ ಫ್ರೆಂಚ್ ಹಡಗುಗಳನ್ನು ಕಂಡರು. ಕಾಲಿಗೆ ಪೆಟ್ಟಾಗಿದ್ದರೂ ಕೇಳದೆ, ಆ ಹಡಗಿಗೆ ಹೋಗಿ ಅಭಿನಂದಿಸಿಯೇ ಬಂದರು. ಪರಾಧೀನ ದೇಶದ ಒಬ್ಬ ಪ್ರಯಾಣಿಕನಿಗೆ ಪ್ಯಾರಿಸಿನ ಬೀದಿ ಅಂದು ಹಾಗೆ ಕಂಡಿತ್ತು.

ಮೂರನೆಯ ನೆಪೋಲಿಯನ್ನನ ಕಾಲದಲ್ಲಿ ಓಸ್ಮಾನ್ ಎಂಬ ಅಧಿಕಾರಿ ಹಳೆಯ ಗಲ್ಲಿಗಳನ್ನು ಕೆಡವಿ ಅಗಲವಾದ ಮಾರ್ಗಗಳನ್ನು ನಿರ್ಮಿಸಿದರು. ಬೆಳಕು, ಗಾಳಿ, ಚರಂಡಿ, ವಾಹನ ಸಂಚಾರ ಎಲ್ಲವೂ ಅವರ ಮನಸ್ಸಿನಲ್ಲಿದ್ದುವು. ದಂಗೆಕೋರರು ಅಡ್ಡಗೋಡೆ ಕಟ್ಟಲಾಗದಷ್ಟು ಅಗಲವಿರಬೇಕೆಂಬುದೂ ಇತ್ತು. ರಿಪಬ್ಲಿಕ್ ಚೌಕದ ಅಂಚಿನಲ್ಲಿ ಇಂದಿಗೂ ನಿಂತಿರುವ ದೊಡ್ಡ ಕಟ್ಟಡ ಪೂರ್ವ ಪ್ಯಾರಿಸಿನ ಬಡವರ ಕೇರಿಗಳನ್ನು ಹದ್ದಿನಲ್ಲಿಡಲೆಂದು ಆಗ ಕಟ್ಟಿದ ಸೈನಿಕ ಠಾಣ್ಯ. ನಾನು ನಡೆದ ವೋಲ್ತೇರ್ ಮಾರ್ಗವೂ ಆ ಕಾಲದ್ದೇ. ಬೀದಿಯ ಜನರನ್ನು ಅಡಗಿಸಲು ಮಾಡಿದ ಹಾದಿ ಕೊನೆಗೆ ಅವರಿಗೆ ನಡೆಯಲು ಹೇಳಿ ಮಾಡಿಸಿದಂತಾಯಿತು.

ಆದರೆ ನಡೆಯುವ ಹಕ್ಕು ಅಷ್ಟು ಸುಲಭವಾಗಿ ಬರಲಿಲ್ಲ. ಮುಷ್ಕರ ಅಪರಾಧವಲ್ಲವೆಂದು 1864ರಲ್ಲಿ ಆಯಿತು, ಕಾರ್ಮಿಕ ಸಂಘಗಳಿಗೆ 1884ರಲ್ಲಿ ಮಾನ್ಯತೆ ಬಂತು. 1881ರ ಕಾನೂನು ಸಭೆ ಸೇರುವ ಸ್ವಾತಂತ್ರ್ಯವನ್ನು ಕೊಟ್ಟಿತು. ಕೊಡುವಾಗಲೇ, ಸಾರ್ವಜನಿಕ ರಸ್ತೆಯಲ್ಲಿ ಸಭೆ ಕೂಡದು ಎಂದು ಬರೆಯಿತು. ಗೋಡೆಗಳ ನಡುವೆ ಏನು ಬೇಕಾದರೂ ಮಾತನಾಡಿ, ಬೀದಿ ಮಾತ್ರ ನಮ್ಮದು ಎಂಬುದು ಗಣರಾಜ್ಯದ ನಿಲುವು. ಚುನಾವಣೆಯಲ್ಲಿ ಗೆದ್ದು ಬಂದವರಿಗೆ, ನಾವೇ ಜನರ ಧ್ವನಿಯಾಗಿರುವಾಗ ಜನರು ಬೇರೆ ಕೂಗಬೇಕೇಕೆ ಎಂಬ ಬೆರಗು. ಈ ಬೆರಗು ಎಲ್ಲ ಕಾಲದ, ಎಲ್ಲ ದೇಶದ ಗೆದ್ದವರಿಗೂ ಇರುವಂಥದೇ.

1891ರ ಮೇ 1ರಂದು ಉತ್ತರ ಫ್ರಾನ್ಸಿನ ಫೂರ್ಮಿ ಎಂಬ ಬಟ್ಟೆಗಿರಣಿಗಳ ಊರಿನಲ್ಲಿ ಕೂಲಿಕಾರರು ಎಂಟು ಗಂಟೆಯ ದುಡಿಮೆಯನ್ನು ಕೇಳಿ ನಡೆದರು. ಸೈನಿಕರ ಕೈಯಲ್ಲಿ ಹೊಸ ಮಾದರಿಯ ಬಂದೂಕುಗಳಿದ್ದುವು. ಒಂಬತ್ತು ಮಂದಿ ಸತ್ತರು. ಅವರಲ್ಲಿ ಮರಿಯಾ ಬ್ಲೊಂದೋ ಎಂಬ 18 ವರ್ಷದ ಗಿರಣಿ ಹುಡುಗಿಯೂ ಇದ್ದಳು. ಅದಾದ ಮೇಲೆ ಬಹಳ ವರ್ಷ ಮೇ ದಿನದಂದು ಕಾರ್ಮಿಕರು ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದುದು ಕೆಂಪು ಕಾಡುಗುಲಾಬಿ. ನಾನು ಕಂಡ ಬಿಳಿಯ ಮ್ಯೂಗೆ ಅದರ ಸ್ಥಾನಕ್ಕೆ ಬಂದುದು 1941ರಲ್ಲಿ, ಜರ್ಮನರಿಗೆ ಶರಣಾಗಿದ್ದ ಪೇತಾಂ ಸರ್ಕಾರದ ಕಾಲದಲ್ಲಿ. ಇಂದು ಕೊಳ್ಳುವವರು ಅದನ್ನು ನೆನೆಯುವುದಿಲ್ಲ, ಹೂವಿನದೇನೂ ತಪ್ಪಿಲ್ಲ.

ದಂಗೆಯು ಮೆರವಣಿಗೆಯಾಗಿ ತಿರುಗಿದ ದಿನ ಯಾವುದೆಂದು ಹುಡುಕಿದರೆ 1909ರ ಅಕ್ಟೋಬರ್ 17 ಸಿಕ್ಕುತ್ತದೆ. ಅದಕ್ಕೆ ನಾಲ್ಕು ದಿನ ಮೊದಲು ಸ್ಪೇನ್ ಸರ್ಕಾರ ಬಾರ್ಸಿಲೋನದಲ್ಲಿ ಫ್ರಾನ್ಸಿಸ್ಕೊ ಫೆರೇರ್ ಎಂಬ ಸ್ವತಂತ್ರ ವಿಚಾರದ ಶಿಕ್ಷಣತಜ್ಞನನ್ನು ಗುಂಡಿಟ್ಟು ಕೊಂದಿತ್ತು. ಸುದ್ದಿ ಬಂದ ಸಂಜೆಯೇ ಪ್ಯಾರಿಸಿನ ಜನ ಸ್ಪೇನಿನ ರಾಯಭಾರ ಕಚೇರಿಯತ್ತ ನುಗ್ಗಿದರು. ಗಲಭೆಯಲ್ಲಿ ಒಬ್ಬ ಪೊಲೀಸಿನವನು ಸತ್ತ. ಅದಾದ ಮೇಲೆ ಜೋರೆಸ್ ಮೊದಲಾದ ಸಮಾಜವಾದಿ ನಾಯಕರು ಹೊಸದೊಂದನ್ನು ಮಾಡಿದರು. ಪೊಲೀಸರೊಡನೆ ಮೊದಲೇ ಮಾತನಾಡಿ, ಹೋಗುವ ದಾರಿಯನ್ನು ಗೊತ್ತುಮಾಡಿಕೊಂಡರು. ಶಿಸ್ತು ಕಾಯಲು ತಮ್ಮವರಲ್ಲೇ ನೂರಾರು ಮಂದಿ 'ವಿಶ್ವಾಸದ ಜನ'ರನ್ನು ಆರಿಸಿ ಸಾಲಿನ ಅಂಚಿಗೆ ನಿಲ್ಲಿಸಿದರು. ಪ್ಯಾರಿಸಿನ ಪೊಲೀಸ್ ಮುಖ್ಯಾಧಿಕಾರಿಯನ್ನು ಪ್ರಿಫೆಕ್ಟ್ ಎನ್ನುತ್ತಾರೆ. ಆಗ ಆ ಪದವಿಯಲ್ಲಿದ್ದವರು ಲೆಪೀನ್, ಗುಂಪುಗಳನ್ನು ಚದರಿಸುವುದರಲ್ಲಿ ಹೆಸರಾದವರು. ಅವರೂ ಒಪ್ಪಿದರು. ಜೋರೆಸ್ ಮುಂದಿನ ಸಾಲಿನಲ್ಲಿ ನಡೆದರು. ಅಂದು ಸಹಸ್ರಾರು ಜನ ನಡೆದರು, ಕೂಗಿದರು, ಮನೆಗೆ ಹೋದರು. ಒಂದು ಹೆಣವೂ ಬೀಳಲಿಲ್ಲ. ನಮಗೆ ಇದು ಸಾಮಾನ್ಯವಾಗಿ ತೋರಬಹುದು. ಹಿಂದಿನ ನೂರಿಪ್ಪತ್ತು ವರ್ಷಗಳ ಪ್ಯಾರಿಸನ್ನು ಓದಿಕೊಂಡು ಬಂದವನಿಗೆ ಅದು ಪವಾಡದಂತೆ ಕಾಣುತ್ತದೆ. ಜನರು ರಾಜ್ಯವನ್ನು ಕೆಡವಲು ಬರುತ್ತಿಲ್ಲವೆಂದು ರಾಜ್ಯ ನಂಬಬೇಕು. ರಾಜ್ಯ ಕೊಲ್ಲುವುದಿಲ್ಲವೆಂದು ಜನರು ನಂಬಬೇಕು. ಈ ಎರಡು ನಂಬಿಕೆಗಳ ನಡುವಣ ಒಪ್ಪಂದಕ್ಕೆ ಮೆರವಣಿಗೆಯೆಂದು ಹೆಸರು. ಅದು ರಕ್ತದಲ್ಲಿ ಬಂದುದಲ್ಲ, ಕಲಿತು ಬಂದುದು.

ಕಲಿತದ್ದು ಕಾನೂನಾಗಲು ಇನ್ನೂ ಕಾಲ ಹಿಡಿಯಿತು. 1934ರ ಫೆಬ್ರವರಿಯಲ್ಲಿ ಬಲಪಂಥೀಯ ಗುಂಪುಗಳು ಶಾಸನಸಭೆಯತ್ತ ನುಗ್ಗಿ ರಕ್ತಪಾತವಾದ ಮೇಲೆ, 1935ರ ಅಕ್ಟೋಬರಿನ ಸುಗ್ರೀವಾಜ್ಞೆಯೊಂದು ಮೆರವಣಿಗೆಯ ನಿಯಮವನ್ನು ಬರೆದಿಟ್ಟಿತು. ಕಡಮೆಯೆಂದರೆ ಮೂರು ದಿನ, ಹೆಚ್ಚೆಂದರೆ ಹದಿನೈದು ದಿನ ಮುಂಚೆ, ಹೊರಡಿಸುವವರ ಹೆಸರು, ಉದ್ದೇಶ, ಹಾದಿ, ಹೊತ್ತುಗಳನ್ನು ಅಧಿಕಾರಿಗಳಿಗೆ ತಿಳಿಸಬೇಕು. ಬೇಕಾದುದು ಅನುಮತಿಯಲ್ಲ, ತಿಳಿವಳಿಕೆ. ಆದರೂ ಶಾಂತಿಭಂಗದ ಭಯವಿದ್ದರೆ ನಿಷೇಧಿಸಬಹುದು. ಈ ಚೌಕಟ್ಟಿನೊಳಗೆ ಬೀದಿ ಎಷ್ಟೋ ಸಲ ಗೆದ್ದಿದೆ. 1984ರಲ್ಲಿ ಖಾಸಗಿ ಶಾಲೆಗಳ ಪರವಾಗಿ ನಡೆದ ಮಹಾಮೆರವಣಿಗೆಯ ಮುಂದೆ ಸಮಾಜವಾದಿ ಸರ್ಕಾರ ಮಣಿಯಿತು. 1995ರ ಚಳಿಗಾಲದಲ್ಲಿ ರೈಲುಗಳು ನಿಂತುಹೋಗಿ ಬಲಪಂಥೀಯ ಸರ್ಕಾರ ಪಿಂಚಣಿಯ ವಿಷಯದಲ್ಲಿ ಹಿಂದೆ ಸರಿಯಿತು. ಸೋತದ್ದೂ ಉಂಟು. ನಾನು ಕಂಡ ಮೆರವಣಿಗೆ ವಿರೋಧಿಸಿದ ಕಾನೂನು 2023ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದೇ ಬಂತು. 2025ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಗಳು ಅದನ್ನು ತಡೆಹಿಡಿಯುವುದಾಗಿ ಸಾರಬೇಕಾಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಸುಖಾಂತವಾದ ಕಥೆ. ಆದರೆ ವೋಲ್ತೇರ್ ಮಾರ್ಗದ ಮಧ್ಯೆ, ಷಾರೋನ್ ಎಂಬ ಭೂಗತ ರೈಲು ನಿಲ್ದಾಣದ ಬಳಿ, ಒಂದು ಚಿಕ್ಕ ಚೌಕದ ಫಲಕವನ್ನು ನಾನು ಓದಿದ್ದೆ. ಅದಕ್ಕೆ ಮನುಷ್ಯರ ಹೆಸರಿಲ್ಲ. '1962ರ ಫೆಬ್ರವರಿ 8ರ ಚೌಕ' ಎಂದು ಒಂದು ತಾರೀಖಿನ ಹೆಸರು. ಅಲ್ಜೀರಿಯದ ಸ್ವಾತಂತ್ರ್ಯಯುದ್ಧದ ಕೊನೆಯ ತಿಂಗಳುಗಳಲ್ಲಿ, ವಸಾಹತನ್ನು ಬಿಡಕೂಡದೆಂದು ಬಾಂಬು ಹಾಕುತ್ತಿದ್ದವರ ವಿರುದ್ಧ ಅಂದು ಮೆರವಣಿಗೆ ನಡೆಯಿತು. ಅದು ನಿಷೇಧಿತ ಮೆರವಣಿಗೆ. ಪೊಲೀಸರು ಮೇಲೆ ಬಿದ್ದಾಗ ಜನ ನಿಲ್ದಾಣದ ಮೆಟ್ಟಿಲುಗಳ ಮೇಲೆ ಒಬ್ಬರ ಮೇಲೊಬ್ಬರು ಉರುಳಿದರು. ಒಂಬತ್ತು ಮಂದಿ ಸತ್ತರು. ಐದು ದಿನಗಳ ಮೇಲೆ ಅವರ ಶವಯಾತ್ರೆಯಲ್ಲಿ ಲಕ್ಷಾಂತರ ಜನ ನಡೆದರು. ಅವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಪ್ರತಿ ವರ್ಷ ಹೂ ಇಡುತ್ತಾರೆ.

ಅದಕ್ಕೆ ನಾಲ್ಕು ತಿಂಗಳ ಹಿಂದಿನದು ಇನ್ನೊಂದು ತಾರೀಖು: 1961ರ ಅಕ್ಟೋಬರ್ 17. ಜೋರೆಸ್ ನಡೆದು ತೋರಿಸಿದ ದಿನಕ್ಕೆ ಸರಿಯಾಗಿ ಐವತ್ತೆರಡು ವರ್ಷ. ಆಗ ಪೊಲೀಸ್ ಪ್ರಿಫೆಕ್ಟ್ ಆಗಿದ್ದವರು ಮೋರಿಸ್ ಪಾಪೋಂ. ಅಲ್ಜೀರಿಯದ ಮುಸಲ್ಮಾನ ಕೆಲಸಗಾರರು ರಾತ್ರಿ ಎಂಟೂವರೆಯಿಂದ ಬೆಳಗಿನ ಐದೂವರೆಯವರೆಗೆ ರಸ್ತೆಯಲ್ಲಿ ಕಾಣಿಸಿಕೊಳ್ಳಬಾರದೆಂದು ಅವರು ಆ ತಿಂಗಳ 5ರಂದು ಪ್ರಕಟಣೆ ಹೊರಡಿಸಿದ್ದರು. ಪೊಲೀಸರ ಮೇಲೂ ದಾಳಿಗಳು ನಡೆದು ಹಲವರು ಸತ್ತಿದ್ದ ಕಾಲ ಅದು, ಅದನ್ನು ಮರೆಯಬಾರದು. ಆದರೆ ಅಂದು ಬಂದವರು ಆಯುಧ ಹಿಡಿದು ಬರಲಿಲ್ಲ. ಒಂದು ಚಾಕುವೂ ಜೇಬಿನಲ್ಲಿ ಇರಕೂಡದೆಂದು ಸ್ವಾತಂತ್ರ್ಯ ಸಂಘಟನೆಯವರು ಕಟ್ಟಪ್ಪಣೆ ಮಾಡಿದ್ದರು. ಸುಮಾರು ಇಪ್ಪತ್ತು ಮೂವತ್ತು ಸಾವಿರ ಜನ, ನಾಂತೇರ್ ಮೊದಲಾದ ಕಡೆಯ ತಗಡಿನ ಜೋಪಡಿಗಳಿಂದ, ಹೆಂಡಿರು ಮಕ್ಕಳೊಂದಿಗೆ, ಹಬ್ಬದ ಉಡುಪು ತೊಟ್ಟು, ಮಳೆಯಲ್ಲಿ ನಗರದ ನಡುವಿಗೆ ಬಂದರು. ನಡೆಯಕೂಡದೆಂದ ಹೊತ್ತಿನಲ್ಲಿ ನಡೆಯುವುದೇ ಅವರ ಬೇಡಿಕೆ. ಅವರನ್ನು ಹೊಡೆದರು, ಗುಂಡಿಕ್ಕಿದರು, ಕೆಲವರನ್ನು ಸೇನ್ ನದಿಗೆ ಎಸೆದರು. ಹನ್ನೊಂದು ಸಾವಿರಕ್ಕೂ ಮೀರಿ ಜನರನ್ನು ಹಿಡಿದು, ನಗರದ ಬಸ್ಸುಗಳಲ್ಲೇ ತುಂಬಿ, ಕ್ರೀಡಾಂಗಣಗಳಿಗೆ ಸಾಗಿಸಿದರು.

ಇಲ್ಲಿಯೂ ಎರಡು ಲೆಕ್ಕ. ಸರ್ಕಾರ ಆಗ ಒಪ್ಪಿಕೊಂಡ ಸಾವುಗಳು ಒಂದು ಕೈಯ ಬೆರಳಿನಲ್ಲಿ ಮುಗಿಯುತ್ತವೆ. ಇತಿಹಾಸಕಾರರ ಎಣಿಕೆ ಹಲವು ಹತ್ತುಗಳಿಂದ ತೊಡಗಿ ಇನ್ನೂರರ ಆಚೆಗೂ ಹೋಗುತ್ತದೆ. ಈ ಸತ್ತವರಿಗೆ ಶವಯಾತ್ರೆಯಿರಲಿಲ್ಲ. ಮೂವತ್ತು ವರ್ಷ ಕಳೆದು, 1991ರಲ್ಲಿ, ಝಾಂ-ಲ್ಯುಕ್ ಎನೋದಿ ಎಂಬುವರು ಸಾಕ್ಷಿಗಳನ್ನು ಕಲೆಹಾಕಿ ಪುಸ್ತಕ ಬರೆದರು. ಅವರು ವೃತ್ತಿಯಿಂದ ಇತಿಹಾಸಕಾರರಲ್ಲ. ದಾರಿ ತಪ್ಪಿದ ಹುಡುಗರನ್ನು ತಿದ್ದುವ ಕೆಲಸದವರು. ಪಾಪೋಂ ಅವರ ಮೇಲೆ ಮಾನನಷ್ಟದ ದಾವೆ ಹೂಡಿ 1999ರಲ್ಲಿ ಸೋತರು. ಅದಕ್ಕೆ ಹಿಂದಿನ ವರ್ಷವೇ, ಜರ್ಮನರ ಕಾಲದಲ್ಲಿ ಬೋರ್ದೋ ನಗರದಿಂದ ಯೆಹೂದ್ಯರನ್ನು ಸೆರೆಶಿಬಿರಗಳಿಗೆ ಸಾಗಿಸಿದುದಕ್ಕಾಗಿ ಅವರಿಗೆ ಹತ್ತು ವರ್ಷಗಳ ಶಿಕ್ಷೆಯಾಗಿತ್ತು. ಅಕ್ಟೋಬರಿನ ಆ ರಾತ್ರಿಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ.

ಇವನ್ನೆಲ್ಲ ಓದಿದಮೇಲೆ ಆ ಖಾರದ ಸಾಸೇಜಿನ ಹೊಗೆ ನನ್ನ ನೆನಪಿಗೆ ಬಂತು. ಮೆರ್ಗೆಜ್ ಉತ್ತರ ಆಫ್ರಿಕದ ತಿನಿಸು. ಅಲ್ಲಿನವರೊಂದಿಗೆ ಸಮುದ್ರ ದಾಟಿ ಬಂದುದು. ಅದು ಇಂದು ಪ್ಯಾರಿಸಿನ ಪ್ರತಿಯೊಂದು ಮೆರವಣಿಗೆಯ ವಾಸನೆ. 1986ರ ಡಿಸೆಂಬರಿನಲ್ಲಿ ವಿದ್ಯಾರ್ಥಿಗಳ ಚಳವಳಿಯ ರಾತ್ರಿ ಪೊಲೀಸರ ಪೆಟ್ಟಿನಿಂದ ಸತ್ತ ಮಲಿಕ್ ಉಸ್ಸೆಕಿನ್ ಎಂಬ 22 ವರ್ಷದ ಯುವಕ ಅಲ್ಜೀರಿಯ ಮೂಲದವನು. ಅವನಿಗಾಗಿ ಮಾತ್ರ ಊರೆಲ್ಲ ಅತ್ತಿತು. ಎರಡೇ ದಿನಗಳಲ್ಲಿ ಸರ್ಕಾರ ಆ ಮಸೂದೆಯನ್ನು ಹಿಂತೆಗೆದುಕೊಂಡಿತು. ಆ ಇಪ್ಪತ್ತೈದು ವರ್ಷಗಳಲ್ಲಿ ಏನೋ ಬದಲಾಗಿತ್ತು, ಪೂರ್ತಿಯಾಗಿ ಅಲ್ಲದಿದ್ದರೂ.

ಹಿಂದಿರುಗುವ ಮುನ್ನಾದಿನ, ಇದೊಂದನ್ನೂ ತಿಳಿಯದೆ, ಸೇಂ ಮಿಷೆಲ್ ಸೇತುವೆಯನ್ನು ನಾನು ದಾಟಿದ್ದೆ. ಅದರ ಮಗ್ಗುಲಿಗೆ 2001ರಲ್ಲಿ ನಗರಸಭೆ ಒಂದು ಚಿಕ್ಕ ಫಲಕವನ್ನು ಹಾಕಿಸಿದೆ. ಶಾಂತಿಯುತ ಮೆರವಣಿಗೆಯ ಮೇಲಿನ ದಮನದಲ್ಲಿ ಸತ್ತ 'ಅನೇಕ' ಅಲ್ಜೀರಿಯನ್ನರ ನೆನಪಿಗೆಂದು ಅದು ಹೇಳುತ್ತದೆ, ಹೆಸರುಗಳಿಲ್ಲ, ಸಂಖ್ಯೆಯಿಲ್ಲ. ಪ್ರತಿ ಅಕ್ಟೋಬರ್ 17ರಂದು ಜನ ಅಲ್ಲಿ ಸೇರಿ ನದಿಗೆ ಹೂ ಹಾಕುತ್ತಾರೆ. 1935ರ ನಿಯಮ ಅವರಿಗೂ ಅನ್ವಯಿಸುತ್ತದೆ: ಮೂರು ದಿನ ಮುಂಚೆ ತಮ್ಮ ಹೆಸರು, ಉದ್ದೇಶ, ಹೊತ್ತುಗಳನ್ನು ಬರೆದು ಪೊಲೀಸ್ ಪ್ರಿಫೆಕ್ಟರ ಕಚೇರಿಗೆ ಕೊಡಬೇಕು. ಅದು ದೂರವೇನಿಲ್ಲ, ಸೇತುವೆಯ ಆಚೆಯ ತುದಿಯಲ್ಲೇ ಇದೆ.